ತವರ ಕರಗಬೇಕು, ಸೀಸ ಕರಗಬಾರದು

ನಮ್ಮ ಚಿಕ್ಕಪ್ಪನಿಗೆ ಈ ಜಗತ್ತಿನಲ್ಲಿ ಪೂರ್ತಿ ನಂಬಿಕೆ ಇರುವುದು ಎರಡೇ ವಸ್ತುಗಳಲ್ಲಿ: ಒಂದು ಒಲೆ, ಇನ್ನೊಂದು ನೀರು ತುಂಬಿದ ಬಕೆಟ್ಟು. ದೇವರಿಗೆ ಕೈ ಮುಗಿಯುವುದಿಲ್ಲ ಎಂದಲ್ಲ, ಮುಗಿಯುತ್ತಾರೆ. ಆದರೆ ಮಂಗಳಾರತಿಯ ತಟ್ಟೆ ಎದುರಿಗೆ ಬಂದಾಗ ಉಳಿದವರೆಲ್ಲ ಕಣ್ಣು ಮುಚ್ಚಿದರೆ, ಇವರು ಕಣ್ಣು ಕಿರಿದು ಮಾಡಿಕೊಂಡು ಕರ್ಪೂರದ ಬಿಸಿಗೆ ತಟ್ಟೆಯ ನಡುಭಾಗ ಬಣ್ಣ ತಿರುಗಿರುವುದನ್ನು ಪರೀಕ್ಷಿಸುತ್ತಾರೆ! ಒಮ್ಮೆ ಅರ್ಚಕರಿಗೆ, "ಸ್ವಾಮಿ, ನಿಮ್ಮ ತಟ್ಟೆ ಕಾದು ಕಾದು ಮೆತ್ತಗಾಗಿದೆ, ಬೇರೆ ತಗೊಳ್ಳಿ" ಎಂದು ಹೇಳಿದರು. ಅಂದಿನಿಂದ ನಮ್ಮ ಮನೆಯವರ ಕೈಗೆ ಬೀಳುವ ಪ್ರಸಾದದ ಪ್ರಮಾಣ ಕಡಿಮೆಯಾಗಿದೆ.

ಚಿಕ್ಕಪ್ಪನ ಹೆಸರು ಹೇಳುವುದಿಲ್ಲ. ಮನೆಯ ಮಾತನ್ನು ಬೀದಿಗೆ ತರುವುದು ನನ್ನ ಸ್ವಭಾವವಲ್ಲ. ಇಷ್ಟು ಬರೆಯುತ್ತಿರುವುದೇ ನನಗೆ ಆಶ್ಚರ್ಯ. ಅಲ್ಲದೆ ಹೆಸರು ಯಾಕೆ ಬೇಕು? ಗಂಗಾನಗರದಲ್ಲಿ ಯಾರನ್ನಾದರೂ ನಿಲ್ಲಿಸಿ, "ಕಾಫಿ ಲೋಟವನ್ನು ನೀರಿನ ತಟ್ಟೆಯಲ್ಲಿ ಅದ್ದಿಟ್ಟುಕೊಂಡು ಕುಡಿಯುತ್ತಾರಲ್ಲ, ಅವರ ಮನೆ ಯಾವುದು?" ಎಂದು ಕೇಳಿ, ನೇರವಾಗಿ ನಮ್ಮ ಗೇಟಿಗೆ ತಂದು ಬಿಡುತ್ತಾರೆ.

ಅವರಿಗೆ ಯಶವಂತಪುರದ ಆಚೆಗಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಲೋಹಗಳನ್ನು ಕಾಯಿಸಿ, ಆರಿಸಿ, ಹದ ಕೊಡುವ ವಿಭಾಗ. ಹೀಟ್ ಟ್ರೀಟ್‌ಮೆಂಟ್ ಎಂದು ಅದರ ಹೆಸರು. ಚಿಕ್ಕಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಜ್ಜಿ, "ನನ್ನ ಚಿಕ್ಕ ಮಗ ಟ್ರೀಟ್‌ಮೆಂಟ್ ಕೊಡ್ತಾನೆ" ಎಂದು ಹೆಮ್ಮೆಯಿಂದ ಬೀದಿಗೆಲ್ಲ ಹೇಳಿಕೊಂಡು ಬಂದದ್ದರಿಂದ ಮಂಡಿನೋವಿನ ಇಬ್ಬರು ಹೆಂಗಸರು ಭಾನುವಾರ ಬೆಳಿಗ್ಗೆಯೇ ಬಂದು ನಮ್ಮ ಜಗಲಿಯ ಮೇಲೆ ಕೂತಿದ್ದರಂತೆ. ಚಿಕ್ಕಪ್ಪ ಅವರನ್ನು ಬರಿಗೈಲಿ ಕಳಿಸಲಿಲ್ಲ. "ಒಂದು ಬಕೆಟ್ ಬಿಸಿನೀರು, ಒಂದು ಬಕೆಟ್ ತಣ್ಣೀರು. ಒಂದರಲ್ಲಾದ ಮೇಲೆ ಇನ್ನೊಂದರಲ್ಲಿ ಕಾಲಿಡಿ" ಎಂದರು. ಇಬ್ಬರಿಗೂ ಗುಣವಾಯಿತು! ಅಂಥವರಿಗೆ ಒಲೆ-ಬಕೆಟ್ಟಿನ ಮೇಲೆ ನಂಬಿಕೆ ಬೆಳೆಯದೆ ಏನಾಗುತ್ತದೆ?

ಎಲ್ಲ ಲೋಹಗಳಲ್ಲೂ ಅವರಿಗೆ ಹೆಚ್ಚು ಪ್ರೀತಿ ತಾಮ್ರದ ಮೇಲೆ. ಅದರಲ್ಲೂ ಚಿಟಿಕೆಯಷ್ಟು ಬೆರಿಲಿಯಂ ಬೆರೆಸಿದ ತಾಮ್ರ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ. ಕುಲುಮೆ ನೋಡಿದವರಿಗೆಲ್ಲ ಇದು ಗೊತ್ತು. ಈ ತಾಮ್ರದ್ದು ತದ್ವಿರುದ್ಧ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ. ಆಗ ಅದನ್ನು ಬೇಕಾದ ಆಕಾರಕ್ಕೆ ಬಗ್ಗಿಸಿಕೊಳ್ಳಬೇಕು. ಆಮೇಲೆ ಸಣ್ಣ ಬಿಸಿಯಲ್ಲಿ ಕೆಲವು ಗಂಟೆ ಕೂರಿಸಿದರೆ, ನೋಡುವುದಕ್ಕೆ ಏನೂ ಬದಲಾಗದೆ, ಒಳಗೊಳಗೇ ಗಟ್ಟಿಯಾಗಿ ಒಳ್ಳೆಯ ಸ್ಪ್ರಿಂಗ್ ಆಗುತ್ತದೆ. ಒತ್ತಿದರೆ ಬಗ್ಗುತ್ತದೆ, ಬಿಟ್ಟರೆ ಮೊದಲಿನ ಜಾಗಕ್ಕೆ ಬರುತ್ತದೆ. ಇದು ಯಾಕೆ ಹೀಗೆ ಎಂದು ಚಿಕ್ಕಪ್ಪ ಅಜ್ಜಿಗೆ ವಿವರಿಸಿದ ದಿನ ನಾನು ಅಲ್ಲೇ ಇದ್ದೆ.

"ಅಮ್ಮ, ಕುದಿಯೋ ನೀರಿಗೆ ರವೆ ಸುರಿದು ಕೈಯಾಡಿಸದೆ ಬಿಟ್ರೆ ಏನಾಗುತ್ತೆ?"

"ಗಂಟು ಕಟ್ಟುತ್ತೆ."

"ಹಾಂ! ತಾಮ್ರನ ಕಾಯಿಸಿ ನಿಧಾನಕ್ಕೆ ಆರೋಕೆ ಬಿಟ್ರೂ ಅಷ್ಟೇ. ಒಳಗಿರೋ ಬೆರಿಲಿಯಂ ಅಲ್ಲಲ್ಲಿ ಗುಂಪುಗೂಡಿ ಗಂಟಾಗುತ್ತೆ. ಥಟ್ ಅಂತ ನೀರಿಗೆ ಹಾಕಿದ್ರೆ ಗುಂಪುಗೂಡೋಕೆ ಅದಕ್ಕೆ ಪುರುಸೊತ್ತೇ ಸಿಗಲ್ಲ. ಆಮೇಲೆ ಸಣ್ಣ ಬಿಸಿ ಕೊಟ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾಳಾಗಿ ಎಲ್ಲಾ ಕಡೆ ಸಮನಾಗಿ ಹರಡಿಕೊಳ್ಳುತ್ತೆ. ಆ ಕಾಳುಗಳೇ ಅದರ ಬಲ. ಲೋಹ ಒಳಗೆ ಜಾರೋಕೆ ಹೋದ್ರೆ ಅಡ್ಡಗಾಲು ಹಾಕ್ತವೆ."

ಅಜ್ಜಿ ಬಹಳ ಹೊತ್ತು ಯೋಚಿಸಿದರು. ಆಮೇಲೆ ಕೇಳಿದರು: "ಅಂದ್ರೆ ನನ್ನ ಉಪ್ಪಿಟ್ಟಲ್ಲಿ ಗಂಟಿರುತ್ತೆ ಅಂತ ತಾನೇ ನೀನು ಹೇಳ್ತಿರೋದು?"

ಈ ಸಿದ್ಧಾಂತವನ್ನು ಚಿಕ್ಕಪ್ಪ ಮನುಷ್ಯರಿಗೂ ಅನ್ವಯಿಸುತ್ತಿದ್ದರು. ಅಮ್ಮನಿಗೆ ಕೋಪ ಬಂದು, ಅತ್ತು, ಸಮಾಧಾನವಾಗಿ ಕೂತಿದ್ದರೆ ನನ್ನ ಬಳಿ ಬಂದು ಪಿಸುಗುಟ್ಟುವರು: "ಅತ್ತಿಗೆ ಈಗ ತಾನೇ ನೀರಿಗೆ ಬಿದ್ದಿದ್ದಾರೆ, ಮೆತ್ತಗಿದ್ದಾರೆ. ಸಿನಿಮಾಗೆ ಹೋಗ್ಬೇಕಂದ್ಯಲ್ಲ, ಈಗ್ಲೇ ಕೇಳಿಬಿಡು. ಸಂಜೆ ತನಕ ಅಡುಗೆಮನೆ ಬಿಸೀಲಿ ಬಿಟ್ಯೋ, ಗಟ್ಟಿಯಾಗಿಬಿಡ್ತಾರೆ!" ವಿಶ್ವವಿದ್ಯಾಲಯದಲ್ಲಿ ಓದುವ ನಾನು ಇಂಥ ಅವೈಜ್ಞಾನಿಕ ಮಾತುಗಳನ್ನು ನಂಬುವವಳಲ್ಲ. ಆದರೂ ಎರಡು ಸಲ ಪರೀಕ್ಷಿಸಿ ನೋಡಿದೆ. ಎರಡು ಸಲವೂ ಸಿನಿಮಾ ಸಿಕ್ಕಿತು.

ಚಿಕ್ಕಪ್ಪನಿಗೆ ಇನ್ನೂ ಮದುವೆಯಾಗಿಲ್ಲ. ಇದಕ್ಕೆ ಜಾತಕ ಕಾರಣವಲ್ಲ, ಸಂಬಳ ಕಾರಣವಲ್ಲ, ರೂಪವಂತೂ ಅಲ್ಲವೇ ಅಲ್ಲ. ಕಾರಣ ಒಂದು ಹಿತ್ತಾಳೆ ಚೊಂಬು.

ಹುಣಸಮಾರನಹಳ್ಳಿಯ ಕಡೆ ದ್ರಾಕ್ಷಿ ತೋಟವಿದ್ದ ಒಂದು ಮನೆಗೆ ಹೆಣ್ಣು ನೋಡಲು ಹೋಗಿದ್ದೆವು. ಚಿಕ್ಕಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ತಲೆಗೆ ಎಣ್ಣೆ ಹಚ್ಚಿ, "ಬಾಯಿ ಮುಚ್ಕೊಂಡಿರು" ಎಂದು ಅಜ್ಜಿ ಬಸ್ಸಿನ ದಾರಿಯುದ್ದಕ್ಕೂ ಉಪದೇಶ ಮಾಡಿದ್ದರು. ಹೋದ ಕೂಡಲೇ ಕಾಲು ತೊಳೆಯಲು ಹೊಸದಾಗಿ ಫಳಫಳಿಸುವ ಚೊಂಬಿನಲ್ಲಿ ನೀರು ತಂದಿಟ್ಟರು. ಚಿಕ್ಕಪ್ಪ ಕಾಲು ತೊಳೆಯಲಿಲ್ಲ. ನೀರು ಚೆಲ್ಲಿ, ಚೊಂಬನ್ನು ತಲೆಕೆಳಗೆ ಮಾಡಿ, ಉಗುರಿನಿಂದ ತಟ್ಟಿ, ಕಿವಿಗೆ ಹಿಡಿದರು. ಅಜ್ಜಿ ಕಣ್ಣು ಮುಚ್ಚಿಕೊಂಡರು.

"ಯಾಕ್ ಸ್ವಾಮಿ ಅಂಗ್ ನೋಡ್ತೀರಾ?" ಎಂದರು ಹುಡುಗಿಯ ತಂದೆ. "ಮದ್ವೆಗೇ ಅಂತ ತಂದಿರೋದು. ಇಂಥವು ಇನ್ನೂ ಬೇಕಾದಷ್ಟವೆ."

"ಎಲ್ಲಿಡ್ತೀರಾ ಇವನ್ನ?"

"ಇಗೋ, ಕೊಟ್ಗೆ ಪಕ್ಕದ್ ಕೋಣೇಲಿ."

"ಒಡೆಯುತ್ತೆ" ಎಂದರು ಚಿಕ್ಕಪ್ಪ.

"ಏನಂದ್ರಿ?"

"ಮಳೆಗಾಲ ಮುಗಿಯೋದ್ರೊಳಗೆ ಒಡೆಯುತ್ತೆ. ಯಾರೂ ಮುಟ್ಟದೇನೇ."

ಆಮೇಲೆ ಅವರು ವಿವರಿಸಿದ್ದು ನಿಜ. ಬಗ್ಗಿಸಿ ತಟ್ಟುವಾಗ ಹುಟ್ಟಿದ ಬಿಗಿ ಚೊಂಬಿನ ಒಳಗೇ ಉಳಿದಿದೆ, ಅದಕ್ಕೆ ದನದ ಗಂಜಲದ ಆವಿ ತಾಗಿದರೆ ಹಿತ್ತಾಳೆ ಸೀಳು ಬಿಡುತ್ತದೆ, ಒಮ್ಮೆ ಸಣ್ಣ ಬಿಸಿ ತೋರಿಸಿ ನಿಧಾನವಾಗಿ ಆರಿಸಿಬಿಟ್ಟರೆ ಏನೂ ಆಗುವುದಿಲ್ಲ, ಎಂದು. ಆದರೆ ಮದುವೆಯ ಚೊಂಬು ಒಡೆಯುತ್ತದೆ ಎಂದವರ ವಿಜ್ಞಾನವನ್ನು ಯಾರು ಕೇಳುತ್ತಾರೆ? ಹುಡುಗಿ ಹೊರಗೆ ಬರಲೇ ಇಲ್ಲ. ನಾವು ಕಾಲು ತೊಳೆಯದೆಯೇ ಹಿಂದಿರುಗಿದೆವು.

ಕಥೆ ಅಷ್ಟಕ್ಕೇ ಮುಗಿದಿದ್ದರೆ ಚಿಕ್ಕಪ್ಪನಿಗೆ ಬೇರೆ ಕಡೆ ಹೆಣ್ಣು ಸಿಗುತ್ತಿತ್ತು. ಮಳೆಗಾಲದಲ್ಲಿ ಒಂದು ದಿನ, ಆ ಕೋಣೆಯ ಗೂಡಿನಲ್ಲಿಟ್ಟಿದ್ದ ಚೊಂಬು ತನ್ನಷ್ಟಕ್ಕೆ ತಾನೇ ಟಪ್ಪೆಂದು ಬಾಯಿಂದ ಹೊಟ್ಟೆಯವರೆಗೆ ಸೀಳಿತು! "ನಿಮ್ ಹುಡ್ಗನ ನಾಲ್ಗೆ ಮ್ಯಾಲೆ ಮಚ್ಚೆ ಐತಾ ನೋಡ್ಕಳಿ" ಎಂದು ಅಲ್ಲಿಂದ ಹೇಳಿಕಳಿಸಿದರು. ಅಜ್ಜಿ ನಿಜವಾಗಿಯೂ ಚಿಕ್ಕಪ್ಪನನ್ನು ಅಂಗಳದ ಬಿಸಿಲಿನಲ್ಲಿ ಕೂರಿಸಿ, "ಲೋ, ಬಾಯಿ ತೆಗಿ" ಎಂದು ಕನ್ನಡಕ ಹಾಕಿಕೊಂಡು ನೋಡಿದರು. ಮಚ್ಚೆ ಇರಲಿಲ್ಲ. ಆದರೆ ಕರಿನಾಲಿಗೆಯವನೆಂಬ ಹೆಸರು ಯಲಹಂಕದಿಂದ ಅಬ್ಬಿಗೆರೆಯವರೆಗೆ ಹಬ್ಬಿಬಿಟ್ಟಿತ್ತು. ಮುಂದೆ ಹೆಣ್ಣು ನೋಡಲು ಹೋದ ಮನೆಯಲ್ಲಿ ನಮಗೆ ಪ್ಲಾಸ್ಟಿಕ್ ಜಗ್ಗಿನಲ್ಲಿ ನೀರು ಕೊಟ್ಟರು.

"ಒಂದು ಸುಳ್ಳು ಹೇಳೋಕಾಗ್ಲಿಲ್ವೇನೋ? ಚೊಂಬು ಚೆನ್ನಾಗಿದೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಅಜ್ಜಿ ಗೋಳಾಡಿದರು.

"ಅಮ್ಮ, ಮನುಷ್ಯರ ವಿಷಯದಲ್ಲಿ ಸುಳ್ಳು ಹೇಳ್ಬಹುದು, ಅವ್ರು ಮರೀತಾರೆ. ಲೋಹದ ವಿಷಯದಲ್ಲಿ ಹೇಳೋಕಾಗಲ್ಲ. ಅದು ಮರೆಯಲ್ಲ. ಒಂದಲ್ಲ ಒಂದಿನ ಟಪ್ ಅಂತ ಬಾಯಿ ಬಿಡುತ್ತೆ."

ಇದು ಅವರ ಇಡೀ ಧರ್ಮಶಾಸ್ತ್ರ. ಗುರಿಗೆ ತಲುಪದ ಹದವನ್ನು ಸರಿಯಾಗಿದೆ ಎಂದು ಅವರು ಸಾಹೇಬರ ಮುಂದೆಯೂ ಹೇಳಿದವರಲ್ಲ. ಅದಕ್ಕೇ ಅವರಿಗೆ ಬಡ್ತಿಯೂ ಚೊಂಬಿನ ದಾರಿಯನ್ನೇ ಹಿಡಿದಿತ್ತು.

ಇಲ್ಲಿ ಸ್ವಲ್ಪ ನಗು ನಿಲ್ಲಿಸಬೇಕಾಗಿದೆ. ಒಂದು ಬೇಸಿಗೆ ರಜೆಯ ಮೊದಲ ವಾರ, ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದ ಅಪ್ಪನ ಕೈಯಿಂದ ಲೋಟ ಜಾರಿತು. ಜಾರಿದ ಲೋಟವನ್ನು ಎತ್ತಲು ಬಲಗೈ ಬರಲಿಲ್ಲ. ಲಕ್ವ ಎಂದರು ಡಾಕ್ಟರು. ಹೆಚ್ಚು ದೊಡ್ಡದಲ್ಲ, ಮಾತು ಉಳಿದಿದೆ, ಕಾಲು ಬರುತ್ತದೆ, ಕೈಯೂ ಬರಬಹುದು, ಆದರೆ ದಿನವೂ ಕೆಲಸ ಕೊಡಬೇಕು, ಎಂದು ಹೇಳಿ ಹಿಸುಕುವುದಕ್ಕೆ ಒಂದು ರಬ್ಬರ್ ಚೆಂಡು ಬರೆದುಕೊಟ್ಟರು.

ಅಪ್ಪ ಆರ್.ಟಿ. ನಗರದ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಕೈವಾರವಿಲ್ಲದೆ, ಒಂದೇ ಬೀಸಿನಲ್ಲಿ ಹಲಗೆಯ ಮೇಲೆ ವೃತ್ತ ಬರೆಯುವುದು ಅವರ ಖ್ಯಾತಿ. ಮಕ್ಕಳು ದಾರ ಹಿಡಿದು ಅಳೆದು ಸೋತಿದ್ದಾರೆ. ಈಗ ಆ ಕೈಯಲ್ಲಿ ಸೀಮೆಸುಣ್ಣ ನಿಲ್ಲುತ್ತಿರಲಿಲ್ಲ. ಮುಖ್ಯೋಪಾಧ್ಯಾಯರು ಬ್ರೆಡ್ಡು-ಹಣ್ಣು ಹಿಡಿದುಕೊಂಡು ನೋಡಲು ಬಂದು, "ಜೂನಲ್ಲಿ ಸ್ಕೂಲ್ ಶುರುವಾಗೋ ಹೊತ್ತಿಗೆ ನೋಡೋಣ ಮೇಷ್ಟ್ರೇ. ಕೈ ಆಗ್ಲಿಲ್ಲಾಂದ್ರೂ ಯೋಚನೆ ಮಾಡ್ಬೇಡಿ, ಲೈಬ್ರರಿ ಇದ್ದೇ ಇದೆ. ಕೂತ್ಕೊಂಡೇ ಮಾಡೋ ಕೆಲ್ಸ" ಎಂದರು. ಆ ಶಾಲೆಯ ಲೈಬ್ರರಿ ಎಂದರೆ ಒಂದು ಬೀರು. ಅದರ ಬೀಗದ ಕೈ ಕಳೆದು ವರ್ಷಗಳಾಗಿವೆ. ಅವರು ಹೋದ ಮೇಲೆ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ಚೆಂಡನ್ನು ಮಂಚದ ಕೆಳಗೆ ಉರುಳಿಸಿಬಿಟ್ಟಿದ್ದರು.

"ಈ ವಯಸ್ಸಲ್ಲಿ ಚೆಂಡಾಟ!"

ಅಮ್ಮ ಬೇಡಿಕೊಂಡರು. ನಾನು ಓದಿದ್ದನ್ನೆಲ್ಲ ಹೇಳಿದೆ. ಅಪ್ಪ ಚೆಂಡನ್ನು ಮುಟ್ಟಲಿಲ್ಲ. ಚಿಕ್ಕಪ್ಪ ಮಾತ್ರ ಅಪ್ಪನ ಪಕ್ಷ ವಹಿಸಿದರು.

"ಅಣ್ಣ ಹೇಳೋದು ಸರಿ. ರಬ್ಬರು ಲೋಹನೇ ಅಲ್ಲ. ಅದನ್ನ ಒತ್ತಿದ್ರೆ ಎಷ್ಟು ಒತ್ತಿದ್ವಿ ಅಂತ ಗೊತ್ತಾಗಲ್ಲ. ಅಣ್ಣಂಗೆ ಲೆಕ್ಕ ಬೇಕು. ಚಿಮಟದ ಥರ ಎರಡು ಕಾಲು ಇರೋ ಸ್ಪ್ರಿಂಗ್ ಮಾಡ್ಕೊಡ್ತೀನಿ. ಒತ್ತಿದ್ರೆ ಎರಡು ತುದಿನೂ ಒಂದಕ್ಕೊಂದು ಹತ್ರ ಬರ್ಬೇಕು. ಮುಟ್ಟಿದ ದಿನ ಕೈ ಸರಿಹೋಯ್ತು ಅಂತ ಲೆಕ್ಕ."

"ಸಮಾನಾಂತರ ರೇಖೆಗಳು ಮುಟ್ಟಲ್ಲ ಕಣೋ" ಎಂದರು ಅಪ್ಪ, ಗೋಡೆಯ ಕಡೆಯಿಂದಲೇ. ಕಾಯಿಲೆ ಬಿದ್ದ ಮೇಲೆ ಅವರಾಡಿದ ಮೊದಲ ತಮಾಷೆ ಅದು. ಅಮ್ಮ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡರು.

ತಾಮ್ರದ ಪಟ್ಟಿ ಸಿಕ್ಕಿದ್ದು ಯಶವಂತಪುರದ ಒಂದು ಗುಜರಿ ಅಂಗಡಿಯಲ್ಲಿ, ಯಾವುದೋ ಹಳೆಯ ವಿದ್ಯುತ್ ಉಪಕರಣದ ಹೊಟ್ಟೆಯಲ್ಲಿ. ಚಿಕ್ಕಪ್ಪ ಒಂದೊಂದೇ ತುಂಡನ್ನು ತಟ್ಟಿ ಕಿವಿಗೆ ಹಿಡಿಯುವುದನ್ನು ನೋಡಿ ಅಂಗಡಿಯವನು, "ಏನ್ ಸಾರ್, ಟ್ರಂಕ್ ಕಾಲಾ?" ಎಂದನಂತೆ. ಆಗಲೇ ಗಟ್ಟಿಯಾಗಿದ್ದ ಆ ಪಟ್ಟಿಯನ್ನು ಮತ್ತೆ ಕೆಂಪಗೆ ಕಾಯಿಸಿ, ಅದ್ದಿ, ಮೆತ್ತಗೆ ಮಾಡಿಕೊಳ್ಳಬೇಕಿತ್ತು. ಕಾರ್ಖಾನೆಯ ಕುಲುಮೆಯಲ್ಲಿ ಸ್ವಂತದ ಕೆಲಸ ಮಾಡುವವರಲ್ಲ ನಮ್ಮ ಚಿಕ್ಕಪ್ಪ. ಆದ್ದರಿಂದ ಆರ್.ಟಿ. ನಗರದ ಬಸ್ ಸ್ಟಾಪಿನ ಪಕ್ಕ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರ ತಿದಿಯೊಲೆಗೆ ಹೋದೆವು. ಹೋದೆವು ಎಂದೆ, ಯಾಕೆಂದರೆ ಬಕೆಟ್ ಹಿಡಿಯುವ ಕೆಲಸ ನನ್ನದು.

"ಎಷ್ಟು ಕೆಂಪು ಬೇಕು ಸ್ವಾಮಿ?" ಸಾಬರು ತಿದಿ ಒತ್ತುತ್ತ ಕೇಳಿದರು.

"ಸಂಜೆ ಹೆಬ್ಬಾಳ ಕೆರೆ ಮೇಲೆ ಸೂರ್ಯ ಮುಳುಗುತ್ತಲ್ಲ, ಆ ಕೆಂಪು."

"ಅದು ದಿನಕ್ಕೊಂದು ಥರ ಇರ್ತದಲ್ಲ ಜೀ!"

"ಮೋಡ ಇಲ್ಲದ ದಿನದ್ದು ಸಾಬ್ರೇ."

ಒಲೆಯಿಂದ ತೆಗೆದ ಪಟ್ಟಿ ದಾರಿಯಲ್ಲಿ ಒಂದಿಷ್ಟೂ ಆರಬಾರದು, ಕೂಡಲೇ ನೀರಿಗೆ ಬೀಳಬೇಕು. ಅದಕ್ಕಾಗಿ ಚಿಕ್ಕಪ್ಪ ತಣ್ಣಗಿನ ಪಟ್ಟಿಯನ್ನೇ ಇಕ್ಕಳದಲ್ಲಿ ಹಿಡಿದು, ಒಲೆಯಿಂದ ಬಕೆಟ್ಟಿಗೆ ಹಾರಿ ಹಾರಿ ಅಭ್ಯಾಸ ಮಾಡಿದರು. "ಬಕೆಟ್ ಇನ್ನೂ ಮುಂದೆ ತಾರೇ! ಓಡಬೇಡ, ನಿಂತಿರು! ಅಲ್ಲಲ್ಲ, ಬಾ!" ಎಂದು ನನಗೆ ಅಪ್ಪಣೆ. ಬಸ್ ಸ್ಟಾಪಿನಲ್ಲಿದ್ದವರು ತಮ್ಮ ಬಸ್ಸನ್ನು ಬಿಟ್ಟು ನೋಡುತ್ತ ನಿಂತರು. ತರಗತಿಯಲ್ಲಿ ಪ್ರಶ್ನೆ ಕೇಳುವುದಕ್ಕೂ ನಾಚುವ ನಾನು ನಡುರಸ್ತೆಯಲ್ಲಿ ಬಕೆಟ್ ಹಿಡಿದು ಕುಣಿಯುತ್ತಿದ್ದೇನೆ! ಆ ಜನರ ನಡುವೆ ನನ್ನ ಸಹಪಾಠಿಯೊಬ್ಬಳೂ ಇದ್ದಳು. ಅವಳು ಇಂದಿಗೂ ಆ ವಿಷಯ ಎತ್ತಿಲ್ಲ. ಅವಳ ಸೌಜನ್ಯಕ್ಕೆ ನಾನು ಋಣಿ.

ಕೊನೆಗೆ ಮೋಡವಿಲ್ಲದ ದಿನದ ಕೆಂಪು ಬಂತು. ಚಿಕ್ಕಪ್ಪ ಹಾರಿದರು. ಚುಂಯ್ ಎಂದಿತು. ನೀರಿನಿಂದ ತೆಗೆದ ಪಟ್ಟಿಯನ್ನು ನನ್ನ ಕೈಗಿಟ್ಟು, "ಬಗ್ಗಿಸು" ಎಂದರು. ಗುಜರಿ ಅಂಗಡಿಯಲ್ಲಿ ಯಾರ ಮಾತಿಗೂ ಬಗ್ಗದಿದ್ದ ಲೋಹ ಎರಡು ಬೆರಳಿಗೆ ಬಾಳೆನಾರಿನಂತೆ ಬಾಗಿತು. ಚಿಕ್ಕಪ್ಪ ಅಲ್ಲೇ ಕೂತು ಅದಕ್ಕೆ ಚಿಮಟದ ಆಕಾರ ಕೊಟ್ಟರು. ಬರುವಾಗ ಸಾಬರಿಂದ ತವರದ ಒಂದು ಚೂರು ಕೇಳಿ ಪಡೆದರು. ಸೀಸದ ಚೂರು ಅವರ ಜೇಬಿನಲ್ಲಿಯೇ ಇತ್ತು, ಉಳಿದವರ ಜೇಬಿನಲ್ಲಿ ಅಡಿಕೆ ಇರುವ ಹಾಗೆ.

ಇನ್ನು ಸಣ್ಣ ಬಿಸಿಯ ಕೆಲಸ. ಮಾರನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಮರದ ಹೊಟ್ಟಿನ ಒಲೆ ಸಿದ್ಧವಾಯಿತು. ಹೊಟ್ಟನ್ನು ಗಿಡಿದು ತುಂಬಿ ಹಚ್ಚಿದರೆ ಅದು ಉರಿಯದೆ ಕೆಂಡವಾಗಿ ಗಂಟೆಗಟ್ಟಲೆ ಒಂದೇ ಸಮ ಕಾಯುತ್ತದೆ. ಅದರ ಮೇಲೆ ಬಾಣಲೆ. ಬಾಣಲೆಯ ತುಂಬ ಮರಳು. ಮರಳಿನಲ್ಲಿ ಹೂತ ಸ್ಪ್ರಿಂಗು. ಅದರ ಪಕ್ಕದಲ್ಲಿ, ಮರಳಿನ ಮೇಲೇ, ಎರಡು ಸೋಡಾ ಬಾಟಲಿಯ ಮುಚ್ಚಳ: ಒಂದರಲ್ಲಿ ತವರದ ಚೂರು, ಒಂದರಲ್ಲಿ ಸೀಸದ ಚೂರು. ಅಪ್ಪ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು.

"ಮೀಟರ್ ಇಲ್ದೆ ಬಿಸಿ ಎಷ್ಟು ಅಂತ ಹೇಗೋ ಗೊತ್ತಾಗುತ್ತೆ?"

"ಇವೇ ಮೀಟರು. ತವರ ಕರಗಬೇಕು, ಸೀಸ ಕರಗಬಾರದು. ತವರ ಕರಗಲಿಲ್ಲ ಅಂದ್ರೆ ಬಿಸಿ ಸಾಲದು, ಸ್ಪ್ರಿಂಗ್ ಮೆತ್ತಗೇ ಉಳಿಯುತ್ತೆ. ಸೀಸ ಕರಗ್ತು ಅಂದ್ರೆ ಅತಿಯಾಯ್ತು, ಕೆಟ್ಟುಹೋಗುತ್ತೆ. ಸೀಸ ಇನ್ನೇನು ಕರಗಬೇಕು ಅನ್ನೋ ಅಂಚಲ್ಲಿ ನಿಲ್ಲಿಸ್ಬೇಕು."

"ಕೆಳಗಿನ ಮಿತಿ, ಮೇಲಿನ ಮಿತಿ" ಎಂದರು ಅಪ್ಪ. "ಚೆನ್ನಾಗಿದೆ."

ಚಿಕ್ಕಪ್ಪನಿಗೆ ಕಾರ್ಖಾನೆಯ ಹೊತ್ತಾಗಿತ್ತು. ರಜೆ ಹಾಕುವುದೆಂದರೆ ಅವರಿಗೆ ಧರ್ಮಭ್ರಷ್ಟರಾದಂತೆ. ಕಾವಲಿಗೆ ಅಜ್ಜಿಯನ್ನು ಕೂರಿಸಿದರು.

"ಅಮ್ಮ, ಬೆಂಕಿ ಆರಬಾರದು, ಹೆಚ್ಚಬಾರದು. ಯಾರೂ ಬಾಣಲೆ ಮುಟ್ಟಬಾರದು."

"ನನಗೇ ಒಲೆ ಪಾಠ ಹೇಳ್ತೀಯೇನೋ? ನಿನ್ನ ಹೆತ್ತೋಳು ನಾನು. ಹೋಗು!"

ಅಜ್ಜಿ ಮಾತು ಉಳಿಸಿಕೊಂಡರು. ಯಾರನ್ನೂ ಬಾಣಲೆ ಮುಟ್ಟಲು ಬಿಡಲಿಲ್ಲ, ತಮ್ಮೊಬ್ಬರನ್ನು ಬಿಟ್ಟು.

ಸಂಜೆ ನಾನು ವಿಶ್ವವಿದ್ಯಾಲಯದ ಲೈಬ್ರರಿಯಿಂದ ಬಂದಾಗ ಬೀದಿಯ ತುದಿಗೇ ಹುರಿದ ಕಡಲೆಕಾಯಿಯ ಘಮಲು. ಹಿತ್ತಲಲ್ಲಿ ಅಜ್ಜಿ ಮಡಿಲ ತುಂಬ ಕಡಲೆಕಾಯಿ ಇಟ್ಟುಕೊಂಡು ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಅಜ್ಜಿ, ಇದನ್ನ ಎಲ್ಲಿ ಹುರಿದ್ರಿ?"

"ಇಲ್ಲೇ ಕಣೇ. ಅಷ್ಟು ಒಳ್ಳೇ ಬಿಸಿ ಮರಳು, ಒಂದು ತಗಡಿಗೋಸ್ಕರ ಸುಮ್ನೆ ದಂಡ ಮಾಡೋದಾ? ಅವನು ಆ ಕಡೆ ಹೋದ, ನಿಮ್ಮಪ್ಪ ಒಳಗೆ ಹೋಗಿ ಮಲಗಿದ, ಆ ತಗಡು, ಆ ಮುಚ್ಚಳ ಎಲ್ಲಾ ಜೋಪಾನವಾಗಿ ತೆಗೆದಿಟ್ಟೆ. ಕಡ್ಲೆಕಾಯಿ ಸೀದುಹೋಗುತ್ತೆ ಅಂತ ಕೆಂಡಕ್ಕೊಂದಿಷ್ಟು ನೀರು ಚಿಮುಕಿಸಿ ಬೆಂಕಿ ತಗ್ಗಿಸಿದೆ. ಹದವಾಗಿ ಬಂದಿದೆ ನೋಡು! ಆಮೇಲೆ ಎಲ್ಲಾ ಹೇಗಿತ್ತೋ ಹಾಗೇ ಇಟ್ಟಿದೀನಿ."

ಬಾಣಲೆ ಬೆಚ್ಚಗಷ್ಟೇ ಇತ್ತು. ಮುಚ್ಚಳದಲ್ಲಿದ್ದ ತವರದ ಚೂರು ಸಾಬರು ಕತ್ತರಿಸಿ ಕೊಟ್ಟಂತೆಯೇ ಇತ್ತು; ಅದರ ಮೂಲೆಗಳು ಇನ್ನೂ ಚೂಪಾಗಿದ್ದವು. ಅಂದರೆ ಸ್ಪ್ರಿಂಗು ಸ್ಪ್ರಿಂಗೇ ಆಗಿರಲಿಲ್ಲ.

ನಾನು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಚಿಕ್ಕಪ್ಪನ ಸೈಕಲ್ ಬೆಲ್ ಕೇಳಿತು. ಅದೇ ಗಂಟೆಗೆ ಕಾದಿದ್ದವರಂತೆ ಅಪ್ಪ ಕೋಲನ್ನೂ ಮರೆತು, ಗೋಡೆ ಹಿಡಿದು, ಹಿತ್ತಲಿಗೆ ಬಂದುಬಿಟ್ಟರು. ಎಡಗೈಯಲ್ಲಿ ಮರಳು ಕೆದಕಿ ಸ್ಪ್ರಿಂಗನ್ನು ಎತ್ತಿ, ಬಲಗೈಯ ಬೆರಳುಗಳ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ ಒತ್ತಿದರು.

ಮೆತ್ತಗಿನ ತಾಮ್ರ. ಎರಡು ಕಾಲೂ ಒಂದಕ್ಕೊಂದು ಮುಟ್ಟಿ, ಹಾಗೆಯೇ ಅಂಟಿಕೊಂಡು ಕೂತವು.

"ಮುಟ್ಟಿತು!" ಎಂದರು ಅಪ್ಪ. "ಲೋ, ಮುಟ್ಟಿತು ಕಣೋ! ಪೂರ್ತಿ ಮುಟ್ಟಿತು!" ಲೋಟ ಜಾರಿದ ದಿನದಿಂದ ನಾವು ನೋಡಿರದ ಮುಖ ಅದು.

ಸೈಕಲ್ ಹಿಡಿದುಕೊಂಡೇ ನಿಂತಿದ್ದ ಚಿಕ್ಕಪ್ಪ ಅಪ್ಪನ ಕೈಯಲ್ಲಿದ್ದುದನ್ನು ನೋಡಿದರು. ಸೈಕಲ್ಲನ್ನು ಗೋಡೆಗೆ ಒರಗಿಸಿ ಬಂದು ಬಾಣಲೆಯ ಮೇಲೆ ಬಗ್ಗಿದರು. ಕರಗದ ತವರ. ಅದರ ಪಕ್ಕದಲ್ಲಿ ಅಜ್ಜಿಯ ಕಣ್ಣಿಗೆ ಬೀಳದೆ ಉಳಿದ ಒಂದು ಕಡಲೆಕಾಯಿ. ಅಜ್ಜಿಯ ಬಾಯಿ ಅರ್ಧ ಅಗಿದು ನಿಂತಿತ್ತು. ಚೊಂಬಿನ ಮನೆಯ ಆ ಒಂದೇ ಪದದ ಮಾತಿನಂಥದು ಇನ್ನೊಂದು ಈಗ ಬೀಳುತ್ತದೆ ಎಂದುಕೊಂಡೆ.

"ಇದ್ಯಾಕೋ ವಾಪಸ್ ಬರ್ತಿಲ್ಲ?" ಎಂದು ಅಪ್ಪ ಕೇಳಿದರು. "ಹದ ಸರಿಯಾಗಿತ್ತು ತಾನೇ?"

ಚಿಕ್ಕಪ್ಪ ಆ ಕಡಲೆಕಾಯಿಯನ್ನು ಎತ್ತಿ, ಸುಲಿದು, ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು.

"ಸರಿಯಾಗಿತ್ತು ಅಣ್ಣ. ಪಕ್ಕಾ ಹದ. ನೀನು ಒತ್ತಿದ್ದು ಜಾಸ್ತಿಯಾಯ್ತು. ಸ್ಪ್ರಿಂಗ್ ಸೋತುಹೋಯ್ತು."

"ಸ್ಪ್ರಿಂಗು ಸೋಲುತ್ತೇನೋ?"

"ಸೋಲುತ್ತೆ. ಬಲ ಮಿತಿ ಮೀರಿದ್ರೆ ಎಂಥಾದ್ದೂ ಸೋಲುತ್ತೆ."

ಅಪ್ಪ ಆ ರಾತ್ರಿ ಬಲಗೈಯಲ್ಲೇ ಊಟ ಮಾಡುತ್ತೇನೆಂದು ಹಟ ಹಿಡಿದು, ಅರ್ಧ ಸಾರನ್ನು ಪಂಚೆಗೆ ಉಣಿಸಿದರು. ಮರುದಿನದಿಂದ ಸೋತ ಸ್ಪ್ರಿಂಗಿನ ಪ್ರದರ್ಶನ ಶುರುವಾಯಿತು. ಹಾಲಿನವನಿಗೆ ತೋರಿಸಿದರು. ಎದುರುಮನೆಯವರಿಗೆ ತೋರಿಸಿದರು. ಮುಖ್ಯೋಪಾಧ್ಯಾಯರನ್ನು ಕರೆಸಿ ತೋರಿಸಿದರು. ಬಂದವರೆಲ್ಲ ಚಿಕ್ಕಪ್ಪನ ಕಡೆ ತಿರುಗಿ, "ಹೌದೇನ್ರೀ, ಅಷ್ಟು ಗಟ್ಟಿ ಇತ್ತಾ?" ಎಂದು ಕೇಳುವರು. ಚಿಕ್ಕಪ್ಪ ಗೋಡೆಯ ಕ್ಯಾಲೆಂಡರನ್ನು ಓದುತ್ತ "ಹೂಂ" ಎನ್ನುವರು. ಒಂದು ಚೊಂಬಿಗೆ ಸುಳ್ಳು ಹೇಳಲಾರದೆ ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ಇವರೇನಾ! ಅಜ್ಜಿಯಂತೂ ಮಗನ ಈ ಹೊಸ ಪ್ರತಿಭೆಯನ್ನು ಕಂಡು, "ಇದನ್ನ ಆವತ್ತೇ ಕಲಿತಿದ್ರೆ ಈಗ ನನಗೆ ಇವನ ಕಡೆಯಿಂದ್ಲೂ ಮೊಮ್ಮಕ್ಕಳಿರೋವು" ಎಂದು ನಿಟ್ಟುಸಿರು ಬಿಟ್ಟರು.

ಆ ವಾರ ಚಿಕ್ಕಪ್ಪ ರಜೆ ಹಾಕಿದರು! ಜ್ವರವೇನೋ ಎಂದು ಅಮ್ಮ ಹಣೆ ಮುಟ್ಟಿ ನೋಡಲು ಹೊರಟರು. ಮತ್ತೊಂದು ಪಟ್ಟಿ, ಮತ್ತೆ ಸಾಬರ ತಿದಿ, ಮತ್ತೆ ನನ್ನ ಬಕೆಟ್ ನೃತ್ಯ. ಮನೆಯಲ್ಲಿದ್ದ ಕಡಲೆಕಾಯಿಯನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿ, ಇಡೀ ದಿನ ಬಾಣಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ತವರ ಕರಗಿ ಮುಚ್ಚಳದಲ್ಲಿ ಮುತ್ತಿನಂತೆ ಉರುಳಾಡಿತು. ಸೀಸ ಮಾತ್ರ ಗಂಭೀರವಾಗಿ ಕೂತೇ ಇತ್ತು. ಸಂಜೆ ಹೊರಗೆ ತೆಗೆದ ಸ್ಪ್ರಿಂಗನ್ನು ಚಿಕ್ಕಪ್ಪ ಕಲ್ಲಿಗೆ ತಟ್ಟಿದರು. ಟಿಣ್ ಎಂದಿತು.

ಅಪ್ಪ ಒತ್ತಿದರು. ಅದು ಕದಲಲಿಲ್ಲ.

"ಇದೇನೋ? ಮೊನ್ನೆ ಹಾಗೆ ಸೋತಿದ್ದು ಇವತ್ತು ಹೀಗೆ?"

"ಅಣ್ಣ, ಅದು ತಮ್ಮ" ಎಂದರು ಚಿಕ್ಕಪ್ಪ. "ಇದು ಅದರ ಅಣ್ಣ. ಅಷ್ಟು ಸುಲಭಕ್ಕೆ ಸೋಲಲ್ಲ."

ಅಪ್ಪ ಚಿಕ್ಕಪ್ಪನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು ಎಂದು ಈಗ ಅನಿಸುತ್ತದೆ. ಆಮೇಲೆ ನಕ್ಕು, "ಸರಿ, ತಮ್ಮನ್ನ ಸೋಲಿಸಿದೋನು ಅಣ್ಣನ್ನ ಬಿಡ್ತೀನಾ?" ಎಂದು ಮತ್ತೆ ಒತ್ತಿದರು. ಬೇಸಿಗೆಯುದ್ದಕ್ಕೂ ಒತ್ತಿದರು. ಪತ್ರಿಕೆ ಓದುವಾಗ, ರೇಡಿಯೋ ಕೇಳುವಾಗ, ಅಮ್ಮ ಬೈಯುವಾಗ. ಮೊದಮೊದಲು ಬೆರಳಷ್ಟೇ ನಡುಗುತ್ತಿತ್ತು. ಆಮೇಲೆ ತುದಿಗಳು ಕೂದಲೆಳೆಯಷ್ಟು ಸರಿದವು. ಆಮೇಲೆ ಇನ್ನಷ್ಟು. ಮೊದಲ ಮಳೆ ಬಿದ್ದು ಹಿತ್ತಲ ಒಲೆಯನ್ನು ಒಳಗೆ ತಂದ ಸಂಜೆ, ಯಾರೂ ನೋಡದೆ ಇರುವಾಗ, ನಡುಮನೆಯಲ್ಲಿ ಒಂದು ಸಣ್ಣ ಸದ್ದಾಯಿತು. ತುದಿಗೆ ತುದಿ ತಾಗಿದ ಸದ್ದು. ಅಪ್ಪ ಕೈ ಸಡಿಲಿಸಿದರು. ಸ್ಪ್ರಿಂಗು ತನ್ನ ಜಾಗಕ್ಕೆ ವಾಪಸ್ ಬಂತು.

ಶಾಲೆ ತೆರೆದ ದಿನ ಅಪ್ಪನನ್ನು ಬಿಡಲು ನಾನು ಹೋಗಿದ್ದೆ. ಅಪ್ಪ ಹಲಗೆಯ ಮುಂದೆ ನಿಂತು ವೃತ್ತ ಬರೆದರು. ಒಂದೇ ಬೀಸಿನಲ್ಲಿ ಬರೆದರು, ನಿಜ. ಆದರೆ ಅದು ವೃತ್ತಕ್ಕಿಂತ ಕೋಳಿಮೊಟ್ಟೆಗೆ ಹತ್ತಿರವಾಗಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಕಾಂಪೌಂಡ್ ಗೋಡೆಯ ಆಚೆ, ಸೈಕಲ್ಲಿನ ಪೆಡಲ್ ಮೇಲೆ ನಿಂತು ಕತ್ತು ಚಾಚಿದ್ದ ಒಂದು ತಲೆ ನನಗೆ ಕಾಣಿಸಿತು. ಚಿಕ್ಕಪ್ಪ ಕೆಲಸಕ್ಕೆ ತಡವಾಗಿ ಹೋದದ್ದು ಅದೇ ಮೊದಲು.

ಆ ಸಂಜೆ ಅಪ್ಪ ನನ್ನನ್ನು ಕರೆದು, ಸೀಮೆಸುಣ್ಣದ ಡಬ್ಬಿಯನ್ನು ಒಳಗಿಡಲು ಕೊಟ್ಟರು. ಮುಚ್ಚಳ ಸಡಿಲವಾಗಿತ್ತು. ಸುಣ್ಣದ ಕಡ್ಡಿಗಳ ನಡುವೆ, ಕಾಲುಗಳೆರಡನ್ನೂ ಅಂಟಿಸಿಕೊಂಡು, ಆ ಮೊದಲಿನ ಸೋತ ಸ್ಪ್ರಿಂಗು ಮಲಗಿತ್ತು.

"ಇದನ್ನ ಇನ್ನೂ ಇಟ್ಕೊಂಡಿದೀರಾ?" ಎಂದೆ. ಮುಖದಲ್ಲಿ ಏನೂ ತೋರಿಸಬಾರದೆಂದು ಪ್ರಯತ್ನಪಟ್ಟೆ.

"ಚಿಕ್ಕಪ್ಪನ ಹತ್ರ ಹೇಳ್ಬೇಡ" ಎಂದರು ಅಪ್ಪ. ಅಂಗಳದ ಕಡೆ ನೋಡಿದರು. ಅಲ್ಲಿ ಚಿಕ್ಕಪ್ಪ ನೀರಿನ ತಟ್ಟೆಯಲ್ಲಿ ಕಾಫಿ ಲೋಟವನ್ನಿಟ್ಟು, ಅದು ಸರಿಯಾದ ವೇಗದಲ್ಲಿ ಆರುತ್ತಿದೆಯೇ ಎಂದು ಕಾಯುತ್ತಿದ್ದರು. "ಆವತ್ತು ತವರದ ಮೂಲೆ ಚೂಪಾಗೇ ಇತ್ತು. ನಾನೂ ನೋಡಿದ್ದೆ."

ನಾನು ಡಬ್ಬಿಯನ್ನು ಅವರ ಕಡೆಗೇ ಚಾಚಿದೆ.

"ಲೋಹದ ವಿಷಯದಲ್ಲಿ ಸುಳ್ಳು ಹೇಳದೋನು, ನನಗೋಸ್ಕರ ಹೇಳಿಬಿಟ್ಟ ಕಣೇ" ಎಂದು ಅಪ್ಪ ಡಬ್ಬಿಯ ಮುಚ್ಚಳವನ್ನು ಬಲಗೈಯಿಂದಲೇ ಒತ್ತಿ ಮುಚ್ಚಿದರು. "ಅದನ್ನ ನಿಜ ಮಾಡದೆ ಹೇಗೆ ಬಿಡ್ಲಿ?"